ಅಲ್ಯೂಮಿನಿಯಂ ಸಾಲಿನಲ್ಲಿ ಯುರೇನಿಯಂ

ಖಾಲಿ ಜಾಗ ಕಂಡರೆ ನನ್ನ ಅಣ್ಣನ ಕೈ ಸುಮ್ಮನಿರುತ್ತಿರಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಹೆಸರು ಬರೆದು ಮುಗಿಸಿದ ಮೇಲೆ ಮೂಲೆಯಲ್ಲಿ ಅಂಗೈಯಗಲ ಜಾಗ ಉಳಿದರೂ ಸಾಕು, ಅಲ್ಲೊಂದು ಬಳ್ಳಿ, ಇಲ್ಲವೇ ಒಂದು ಗಿಳಿ. ಹಲ್ಲಿನ ಡಾಕ್ಟರರ ಬೋರ್ಡಿಗೂ ಗಿಳಿ ಕೂರಿಸಿದ್ದ. "ಗಿಳಿಗೆ ಹಲ್ಲೆಲ್ಲಿದೆಯಪ್ಪಾ?" ಎಂದು ಅವರು ರೇಗಿದರೆ, "ಅದಕ್ಕೇ ಸಾರ್, ನಿಮ್ಮ ಹತ್ರ ಬಂದಿರೋದು" ಅಂದುಬಿಟ್ಟ.

ಅವನು ಏಣಿ ಹತ್ತಿ ಬರೆಯುವವನು. ನಾನು ಕೆಳಗೆ ನಿಂತು ಬಣ್ಣ ಕಲಸುವವಳು, ಗೆರೆ ಹೊಡೆಯುವಾಗ ದಾರದ ಇನ್ನೊಂದು ತುದಿ ಹಿಡಿಯುವವಳು. ಅತ್ತಿಗೆ ತೀರಿಕೊಂಡ ಮೇಲೆ ಮನೆಯಲ್ಲಿದ್ದದ್ದು ಅವನು, ಅವನ ಒಬ್ಬಳೇ ಮಗಳು, ನಾನು. ಮಗಳೆಂದರೆ ಅವನಿಗೆ ಪ್ರಾಣ. ನನಗೂ ಪ್ರಾಣವೇ, ಆದರೆ ನನಗೆ ಕಣ್ಣೂ ಇತ್ತು.

ಒಂದು ಬೇಸಿಗೆಯಲ್ಲಿ ಕಂಟ್ರಾಕ್ಟರನೊಬ್ಬ ಹೈಸ್ಕೂಲಿನ ಕೆಲಸ ಕೊಟ್ಟ. ವಿಜ್ಞಾನದ ಕೋಣೆಯ ಗೋಡೆಯ ಮೇಲೆ ಧಾತುಗಳ ಆವರ್ತ ಕೋಷ್ಟಕ ಬರೆಯಬೇಕು. ರಜೆ ಮುಗಿದ ಮೇಲೆ ಮಗಳು ಸೇರುವುದೂ ಅದೇ ಶಾಲೆಗೆ. ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನನ್ನ ಮಗು ದಿನಾ ನನ್ನ ಅಕ್ಷರ ನೋಡ್ಕೊಂಡು ಓದುತ್ತೆ" ಎಂದು ಕಂಡಕಂಡವರಿಗೆಲ್ಲ ಹೇಳಿದ.

ಕೈಗೆ ಸಿಕ್ಕಿದ್ದು ಒಂದು ಮಾಸಲು ಜೆರಾಕ್ಸ್ ಹಾಳೆ. ಅದರ ತುಂಬ ಮನೆಗಳು, ಮನೆಗೊಂದು ಧಾತು. ಎಡಕ್ಕೂ ಬಲಕ್ಕೂ ಮನೆಗಳು ಎತ್ತರಕ್ಕೆ ಹೋಗಿದ್ದವು, ನಡುವೆ ಮೇಲ್ಗಡೆ ಬರೀ ಬಯಲು. ಎಲ್ಲಕ್ಕಿಂತ ಕೆಳಗೆ, ಯಾರಿಗೂ ಸಂಬಂಧವಿಲ್ಲದ ಹಾಗೆ, ಎರಡು ಸಾಲು ಬೇರೆಯಾಗಿ ಬಿದ್ದಿದ್ದವು. ಆ ಗೋಡೆಯ ಬುಡದಲ್ಲಿ ಕಲ್ಲಿನ ಕಟ್ಟೆ ಇದ್ದದ್ದರಿಂದ ಆ ಎರಡು ಸಾಲಿಗೆ ಅಲ್ಲಿ ಜಾಗವೇ ಇರಲಿಲ್ಲ. ಅಣ್ಣ ಹಾಳೆ ನೋಡಿದ, ಗೋಡೆ ನೋಡಿದ.

"ಮೇಲೆ ಇಷ್ಟು ಜಾಗ ಇಟ್ಕೊಂಡು ಇವರನ್ನ ಯಾಕೆ ಹೊರಗೆ ಮಲಗಿಸಿದಾರೆ? ಅಚ್ಚು ಹಾಕಿದವನಿಗೆ ಬುದ್ಧಿ ಬೇಡ್ವಾ?" ಎಂದ.

ಆ ಎರಡು ಸಾಲಿನ ಮನೆಗಳನ್ನು ಕೊಂಚ ಕಿರಿದು ಮಾಡಿ ಮೇಲಿನ ಬಯಲಿನಲ್ಲಿ ನೀಟಾಗಿ ಕೂರಿಸಿದ. ಯುರೇನಿಯಂ ಹೋಗಿ ಮೆಗ್ನೀಶಿಯಂ, ಅಲ್ಯೂಮಿನಿಯಂಗಳ ನಡುವೆ ಕೂತಿತು. ನೋಡಲಿಕ್ಕೆ ಏನು ಚೆಂದ! ನಾನು ಹೊಗಳಿದೆ, ಕಂಟ್ರಾಕ್ಟರನೂ ಹೊಗಳಿದ.

ಶಾಲೆ ಶುರುವಾಯಿತು. ಒಂದು ಸಂಜೆ ಮಗಳು ಮುಖ ಊದಿಸಿಕೊಂಡು ಬಂದಳು.

"ಗೋಡೆ ಮೇಲಿರೋದು ಪೂರಾ ತಪ್ಪಂತೆ. ಯಾವ ಪುಣ್ಯಾತ್ಮ ಬರೆದನೋ ಅಂದ್ರು ಸರ್. ಇಡೀ ಕ್ಲಾಸು ನಕ್ಕಿತು. ನಾನೂ ನಗಬೇಕಾಯ್ತು, ಅಪ್ಪ."

ಆ ಕೊನೆಯ ಮಾತು ನನ್ನ ಎದೆಗೆ ಚುಚ್ಚಿತು. ಅಣ್ಣನಿಗೆ ಕೇಳಿಸಿದ್ದು ಬೇರೆಯೇ. ಮಗಳು ವರ್ಷವೆಲ್ಲ ಆ ಗೋಡೆಯ ಎದುರು ಕೂರಬೇಕಲ್ಲ, ಅದೊಂದೇ ಅವನ ಚಿಂತೆ. "ಅಳಿಸಿ ಸರಿ ಮಾಡ್ತೀನಿ ಕಣಮ್ಮ. ಏನು ತಪ್ಪು ಅಂತ ಹೇಳ್ಕೊಡು" ಎಂದ.

ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪಾಠ ನಡೆಯಿತು. ಪರಮಾಣುವಿನ ನಡುವೆ ನ್ಯೂಕ್ಲಿಯಸ್, ಸುತ್ತ ಕವಚಗಳಲ್ಲಿ ಎಲೆಕ್ಟ್ರಾನುಗಳು. ಮೊದಲ ಕವಚಕ್ಕೆ ಹಿಡಿಸುವುದು ಎರಡೇ, ಆದ್ದರಿಂದ ಮೊದಲ ಸಾಲಿನಲ್ಲಿ ಎರಡೇ ಮನೆ. ಮುಂದಿನ ಎರಡು ಸಾಲುಗಳಲ್ಲಿ ಎಂಟೆಂಟು. ನಾಲ್ಕನೇ ಸಾಲಿಗೆ ಬಂದಾಗ ಒಳಗಿನ ಕವಚದಲ್ಲಿ ಇನ್ನೂ ಹತ್ತಕ್ಕೆ ಜಾಗ ತೆರೆಯುತ್ತದೆ, ಆಗ ಸಾಲು ಅಗಲವಾಗುತ್ತದೆ. ಕೆಳಗೆ ಬೇರೆಯಾಗಿ ಬಿದ್ದಿರುವ ಸಾಲಿನವು ಅದಕ್ಕೂ ಒಳಗಿನ ಕವಚ ತುಂಬಿಸಿಕೊಳ್ಳುವಂಥವು. ಬಲಕ್ಕೆ ಹೋದ ಹಾಗೆ ನ್ಯೂಕ್ಲಿಯಸ್ಸಿನ ಸೆಳೆತ ಹೆಚ್ಚಿ ಪರಮಾಣು ಕುಗ್ಗುತ್ತದೆ, ಕೆಳಕ್ಕೆ ಇಳಿದ ಹಾಗೆ ಕವಚ ಹೆಚ್ಚಿ ಹಿಗ್ಗುತ್ತದೆ.

"ಏಳು ಕವಚದ ಯುರೇನಿಯಂನ ತಗೊಂಡೋಗಿ ಮೂರು ಕವಚದವರ ಮಧ್ಯ ತುರುಕಿದೀಯಪ್ಪ!"

"ಹಾಗಾದ್ರೆ ಆ ಜಾಗ ಖಾಲಿನೇ ಇರ್ಬೇಕಾ?"

"ಖಾಲಿನೇ ಇರ್ಬೇಕು."

ಅಣ್ಣ ನಿಟ್ಟುಸಿರು ಬಿಟ್ಟ. ಮೂರನೇ ಸಾಲಿನ ಎಡತುದಿಯ ಸೋಡಿಯಂ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಬಲಗಡೆಯ ಕ್ಲೋರಿನ್‌ಗೆ ಒಂದು ಕಮ್ಮಿ ಇರುವುದರಿಂದ ಅದು ಕಿತ್ತುಕೊಳ್ಳುತ್ತದೆ ಎಂದಾಗ ಮಾತ್ರ ಅವನ ಮುಖ ಅರಳಿತು. "ಹಾಗಾದ್ರೆ ಕೊಡೋನೇ ದೊಡ್ಡೋನು ಅನ್ನು."

"ಗಾತ್ರದಲ್ಲಿ ಅಷ್ಟೇ ಅಪ್ಪ" ಎಂದಳು ಮಗಳು.

ಅವನು ಅದನ್ನೆಲ್ಲ ಬಾಯಿಪಾಠ ಮಾಡಿದ. ಬ್ರಷ್ಷು ತೊಳೆಯುವಾಗಲೂ ಗೊಣಗುತ್ತಿದ್ದ. ಆಮೇಲೆ ಒಂದು ದಿನ ಬಣ್ಣದ ಡಬ್ಬಿ ಹಿಡಿದು ಇಬ್ಬರೂ ಶಾಲೆಗೆ ಹೊರಟೆವು. ಮಕ್ಕಳೆಲ್ಲ ಮನೆಗೆ ಹೋಗಿರುತ್ತಾರೆ ಎಂದುಕೊಂಡಿದ್ದೆವು. ನಮ್ಮ ಗ್ರಹಚಾರ, ವಿಜ್ಞಾನದ ಪಾಠ ಇನ್ನೂ ನಡೆಯುತ್ತಿತ್ತು. ಮುಂದಿನ ಬೆಂಚಿನಲ್ಲೇ ನಮ್ಮ ಹುಡುಗಿ.

"ಈ ಗೋಡೆ ಬರೆದಿದ್ದು ನಾನೇ ಸಾರ್. ತಪ್ಪಾಗಿದೆಯಂತೆ, ಸರಿ ಮಾಡ್ಕೊಡ್ತೀನಿ" ಎಂದ ಅಣ್ಣ, ಬಾಗಿಲಲ್ಲೇ ನಿಂತು. ನಾನು ಡಬ್ಬಿ ಹಿಡಿದು ಹೊರಗೆ ಕಿಟಕಿಯ ಮರೆಯಲ್ಲಿದ್ದೆ.

ಮೇಷ್ಟ್ರು ಕೆಟ್ಟವರೇನಲ್ಲ. ನಗುನಗುತ್ತಲೇ ಕೇಳಿದರು. "ಓಹೋ, ನೀವೇನಾ! ತಪ್ಪು ಅಂತ ನಿಮಗೆ ಯಾರು ಹೇಳಿದ್ರು? ನಿಮ್ಮ ಮಕ್ಕಳು ಯಾರಾದ್ರೂ ಇಲ್ಲಿ ಓದ್ತಿದಾರಾ?"

ಕ್ಲಾಸಿಗೆ ಕ್ಲಾಸೇ ಅತ್ತಿತ್ತ ತಿರುಗಿ ನೋಡಿತು. ನಮ್ಮ ಹುಡುಗಿ ತಲೆ ತಗ್ಗಿಸಿ ಪುಸ್ತಕದ ಹಾಳೆ ಮಗುಚುತ್ತಿದ್ದಳು. ಅಣ್ಣ ಅವಳನ್ನೊಮ್ಮೆ ನೋಡಿದ.

"ಇಲ್ಲ ಸಾರ್. ಕಂಟ್ರಾಕ್ಟರು ಹೇಳಿದ್ರು."

"ಸರಿ ಮಾಡೋದೇನೂ ಬೇಡ, ಹಾಗೇ ಇರಲಿ ಬಿಡಿ. ವರ್ಷಾ ವರ್ಷಾ ಮಕ್ಕಳಿಗೆ ತಪ್ಪು ಹುಡುಕೋಕೆ ಒಳ್ಳೆ ಅಭ್ಯಾಸ ಆಗುತ್ತೆ" ಎಂದ ಮೇಷ್ಟ್ರು ನಮ್ಮ ಹುಡುಗಿಯ ಕಡೆಗೇ ಕೈ ತೋರಿಸಿದರು. "ನೀನು ಎದ್ದೇಳಮ್ಮ. ಎಲ್ಲಿ, ಇವರಿಗೆ ಏನು ತಪ್ಪು ಅಂತ ಹೇಳು."

ಅವಳು ಎದ್ದಳು. ಗೋಡೆಯನ್ನೇ ನೋಡುತ್ತಾ ಹೇಳಿದಳು. ಎರಡು, ಎಂಟು, ಎಂಟು, ಒಳಗಿನ ಹತ್ತು, ಕುಗ್ಗುವುದು, ಹಿಗ್ಗುವುದು, ಎಲ್ಲ ಹೇಳಿದಳು. "ಇವರಿಗೆ ಎಲೆಕ್ಟ್ರಾನ್ ಜೋಡಣೆ ಗೊತ್ತಿಲ್ಲ ಸರ್, ಅದಕ್ಕೆ ಖಾಲಿ ಕಂಡ ಕಡೆ ತುಂಬಿಸಿದಾರೆ" ಎಂದು ಮುಗಿಸಿದಳು.

ಅಣ್ಣ ಮೊದಲ ಸಲ ಕೇಳುವವನಂತೆ ತಲೆಯಾಡಿಸುತ್ತಾ ನಿಂತಿದ್ದ. "ಹೌದಾಮ್ಮ? ನಂಗೆ ಗೊತ್ತಿರ್ಲಿಲ್ಲ. ತುಂಬಾ ಚೆನ್ನಾಗಿ ಹೇಳಿದ್ರಿ" ಎಂದ. ಹೆತ್ತ ಮಗಳಿಗೆ ಬಹುವಚನ!

ದಾರಿಯಲ್ಲಿ ಅವನು ಕೇಳಿದ. "ಒಂದು ಕಡೆನೂ ತಡವರಿಸ್ಲಿಲ್ಲ ನೋಡಿದ್ಯಾ?" ನಾನು ಬಿರಬಿರನೆ ಮುಂದೆ ನಡೆದೆ. ಬಾಯಿ ಬಿಟ್ಟಿದ್ದರೆ ಬರುತ್ತಿದ್ದದ್ದು ಬೈಗುಳವೇ.

ಸಂಜೆ ಮಗಳು ಬಂದು, ಚೀಲವನ್ನೂ ಇಳಿಸದೆ, "ಅಪ್ಪ, ಇನ್ಮೇಲೆ ಶಾಲೆ ಹತ್ರ ಬರ್ಬೇಡ" ಎಂದಳು.

"ಬರಲ್ಲ ಕಣಮ್ಮ" ಎಂದ.

ಮಾತಿಗೆ ತಪ್ಪಲಿಲ್ಲ. ಮಗಳಿಗೆ ವಿಜ್ಞಾನದಲ್ಲಿ ಮೊದಲ ಬಹುಮಾನ ಬಂದ ವರ್ಷವೂ ನಾನೊಬ್ಬಳೇ ಹೋದೆ. "ನಿಮ್ಮ ತಂದೆಯವರು ಬರಲಿಲ್ವಾ?" ಎಂದು ಮೇಷ್ಟ್ರು ಅವಳನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು, "ಅವರು ಊರಲ್ಲಿಲ್ಲ ಸರ್."

ಅಣ್ಣ ಆಗ ಶಾಲೆಯ ಎದುರಿನ ಹೊಸ ಔಷಧಿ ಅಂಗಡಿಗೆ ಬೋರ್ಡು ಬರೆಯುತ್ತಿದ್ದ. ಮೈಕಿನಲ್ಲಿ ಅವಳ ಹೆಸರು ಕೂಗಿದ್ದು ರಸ್ತೆಯಾಚೆ ಏಣಿಯ ಮೇಲಿದ್ದವನಿಗೆ ಚೆನ್ನಾಗಿಯೇ ಕೇಳಿಸಿತ್ತು.