ದೈವಾನೈಯ ತತ್ತಿಯಿಲ್ಲದ ಆಮ್ಲೆಟ್ಟು

ಕುಮಳಿ ಘಟ್ಟ ಹತ್ತುವ ಬಂಡಿಗಳು ಗೂಡಲೂರಿನಲ್ಲಿ ದೈವಾನೈಯ ಅನ್ನದಂಗಡಿ ಮುಂದೆ ಎತ್ತು ಬಿಚ್ಚುತ್ತಿದ್ದವು. ಏಲಕ್ಕಿ ಕೊಳ್ಳಲು ಬೋಡಿನಾಯಕನೂರಿನಿಂದ ಬರುವ ನಾನೂ ಅಲ್ಲೇ ಇಳಿಯುತ್ತಿದ್ದೆ. ತೂಕದಲ್ಲಿ ಯಾರೊಡನೆಯೂ ಜಗಳ ತೆಗೆಯುವವನು ನಾನು. ಅವಳ ಸೌಟಿನ ಅಳತೆಗೆ ಮಾತ್ರ ಎದುರಾಡಿದ್ದಿಲ್ಲ. ಕೊಟ್ಟಷ್ಟು ಉಣ್ಣಬೇಕು, ಬೈದಷ್ಟು ಕೇಳಬೇಕು.

ಆ ವರ್ಷ ಊರಿನ ಇನ್ನೊಂದು ತುದಿಯಲ್ಲಿ ಹೆಂಚಿನ ಮಾಡಿನ ಹೊಸ ಅಂಗಡಿ ಎದ್ದಿತು. ಬಂಡಿಗಳು ಒಂದೊಂದಾಗಿ ಅತ್ತ ಹೊರಳಿದವು. ದೈವಾನೈಯ ಮೂರು ಒಲೆಗಳಲ್ಲಿ ಎರಡು ತಣ್ಣಗಾದವು. ಅಷ್ಟರಲ್ಲಿ ಬೆಟ್ಟದ ತೋಟದ ಬಿಳಿ ದೊರೆಯ ಬಟ್ಲರ್ ಚಿನ್ನತಂಬಿ ಬಂದ. ದೊರೆಯ ಅಡುಗೆಯವನು ಜ್ವರ ಬಂದು ಊರಿಗೆ ಹೋಗಿದ್ದನಂತೆ. ಶನಿವಾರ ದೊರೆ ಘಟ್ಟ ಇಳಿದಾಗ ಬೆಳಗಿನ ತಿಂಡಿ ಹಿಡಿಸಿದರೆ ತೋಟದ ಬಂಡಿಗಳೆಲ್ಲ ಇಲ್ಲೇ ನಿಲ್ಲುತ್ತವೆ. ಹಿಡಿಸದಿದ್ದರೆ ಆ ಹೆಂಚಿನಂಗಡಿ ಇದ್ದೇ ಇದೆ. ತಿಂಡಿಯೆಂದರೆ ಬೆಣ್ಣೆಯಲ್ಲಿ ಕದಡಿ ಹುರಿದ ತತ್ತಿ.

ದೈವಾನೈಯ ಮನೆಯವರು ದೇವರ ದನ ಕಾಯುವ ಒಕ್ಕಲಿಗರು. ಅವರ ಒಲೆಗೆ ತತ್ತಿ ಏರುವಂತಿಲ್ಲ, ಅತ್ತೆಯ ಕಾಲದ ಹರಕೆ. ಹಿತ್ತಲಲ್ಲಿ ಒಡೆದರೆ ಯಾರು ನೋಡುತ್ತಾರೆ ಎಂದ ಚಿನ್ನತಂಬಿ.

"ಹಿತ್ತಲಾಗೇ ದನ ಕಟ್ಟಿರಾದು ತಂಬಿ. ಅವು ನೋಡ್ತಾವೆ," ಎಂದಳು.

ಅದೇ ಹಿತ್ತಲಿನ ಕರಿಯಾವು ಆ ವಾರ ಈದಿತ್ತು. ಶನಿವಾರ ಗಿಣ್ಣುಹಾಲಿಗೆ ಬೆಲ್ಲದ ಬದಲು ಉಪ್ಪು, ಮೆಣಸು, ಚಿಟಿಕೆ ಅರಿಶಿನ ಹಾಕಿ ಹಬೆಯಲ್ಲಿ ಗಟ್ಟಿ ಮಾಡಿದಳು. ಅದನ್ನು ಪುಡಿಮಾಡಿ ಬೆಣ್ಣೆಯಲ್ಲಿ ಸಣ್ಣ ಈರುಳ್ಳಿಯ ಜೊತೆ ಹೊರಳಿಸಿದಳು. ದೊರೆ ಎರಡು ಸಲ ಹಾಕಿಸಿಕೊಂಡ. ಆಮೇಲೆ, ಇಂಥ ತತ್ತಿ ಇಡುವ ಕೋಳಿಗಳನ್ನು ಬಂಗಲೆಗೆ ಕೊಳ್ಳಬೇಕು, ತೋರಿಸು ಎಂದ.

ಕೋಳಿ ಮಾರಿಹೋಯಿತೆಂದು ಹೇಳಿಬಿಡು ಎಂದು ಚಿನ್ನತಂಬಿ ಕಣ್ಸನ್ನೆ ಮಾಡಿದ. ಅವಳು ದೊರೆಯನ್ನು ನೇರ ಹಿತ್ತಲಿಗೆ ಕರೆದೊಯ್ದು ಕರಿಯಾವಿನ ಮುಂದೆ ನಿಲ್ಲಿಸಿದಳು.

"ಇದೇ ಕೋಳಿ ಅಂತ ಹೇಳು," ಎಂದಳು.

ಚಿನ್ನತಂಬಿ ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದ. ದೊರೆ ಹಸುವನ್ನು ನೋಡಿದ, ಕರುವನ್ನು ನೋಡಿದ. ನಗಲಿಲ್ಲ, ಬೈಯಲೂ ಇಲ್ಲ. ಮುಂದಿನ ಶನಿವಾರವೂ ಬರುವೆನೆಂದು ಹೇಳಿ ಕುದುರೆ ಹತ್ತಿದ.

ಹಸು ವಾರ ವಾರ ಈಯುತ್ತದೆಯೇ? ನಾನು ಅದನ್ನೇ ಕೇಳಿ ಬೈಸಿಕೊಂಡೆ. ಅವಳು ಆಗಲೇ ಹೆಸರುಬೇಳೆ ನೆನೆಹಾಕಿದ್ದಳು. ಹುಳಿಮಜ್ಜಿಗೆಯಲ್ಲಿ ನುಣ್ಣಗೆ ರುಬ್ಬಿ, ಹಂಚಿನ ಮೇಲೆ ಮುಚ್ಚಿ ಬೇಯಿಸಿ, ಆಮ್ಲೆಟ್ಟಿನಂತೆ ಮಡಚಿ ನೋಡಿದಳು. ವಾರವಿಡೀ ಹರಿದದ್ದು, ಸೀದದ್ದು ಎಲ್ಲ, ಬೆಟ್ಟದಲ್ಲಿ ಏಲಕ್ಕಿ ಒಣಗುವವರೆಗೆ ಅಲ್ಲೇ ತಂಗಿದ್ದ ನನ್ನ ಎಲೆಗೇ ಬಿತ್ತು. ಶನಿವಾರ ಬೆಳಗ್ಗೆ ಹಂಚಿನಿಂದ ಎದ್ದದ್ದು ಉಬ್ಬಿ, ಹಳದಿಯಾಗಿ, ಅಂಚು ಗರಿಗರಿಯಾಗಿತ್ತು. ದೊರೆ ಬಹಳ ಹೊತ್ತು ಅಗಿದ. ಇದು ಬೇರೆ ಕೋಳಿ ಎಂದು ಬಟ್ಲರನಿಗೆ ಹೇಳಿ ಎಲೆ ಖಾಲಿ ಮಾಡಿದ.

ಅದರ ಮಾರನೆಯ ವಾರ ಘಟ್ಟದಿಂದ ನಾನು ಏಲಕ್ಕಿ ಹೇರಿಕೊಂಡು ಇಳಿದಾಗ ನನ್ನ ಬಂಡಿ ನಿಲ್ಲಿಸಲು ಅಲ್ಲಿ ಜಾಗವಿರಲಿಲ್ಲ. ಮೂರು ಒಲೆಯೂ ಉರಿಯುತ್ತಿದ್ದವು. ನೆಟ್ಟಗಿರುವ ಆಮ್ಲೆಟ್ಟು ಒಂದು ನನಗೂ ಸಿಗಬಹುದೇ ಎಂದು ವಿನಯದಿಂದ ಕೇಳಿದೆ.

"ನೀ ಯಾವ ತೋಟದ ದೊರೆ ಅಣ್ಣಾ?" ಎಂದು ಅವಳು ಸಜ್ಜೆಗಂಜಿ ಸುರಿದಳು.