ಅಂಚು ಹೆಣೆದ ಕರ್ಚಿಕಾಯಿ

ಶರಣಮ್ಮನವರೇ, ನೀವು ನಮ್ಮ ಕರ್ಚಿಕಾಯಿಯನ್ನು ನಾಯಿಗೆ ಹಾಕಲಿಲ್ಲ. ಹಾಕಿದಿರಿ ಎಂದು ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಇಡೀ ಸಭೆಯ ಮುಂದೆ ಹೇಳಿದವಳು ನಾನು. ಅದು ಸುಳ್ಳೆಂದು ಅದೇ ಮಧ್ಯಾಹ್ನ ತಿಳಿದ ಮೇಲೂ ಬಾಯಿ ಮುಚ್ಚಿಕೊಂಡಿದ್ದವಳೂ ನಾನೇ. ಐದು ವರ್ಷವಾಯಿತು — ಎದುರುಬದುರು ಮನೆ, ದಿನಾ ನಿಮ್ಮ ಮುಖ ನೋಡುತ್ತೇನೆ, ಹೇಳಲಿಲ್ಲ.

ಬರೆಯುತ್ತಿರುವುದು ನಿಮಗೆ. ಆದರೆ ಅಂದು ಕೇಳಿಸಿಕೊಂಡವರೆಲ್ಲ ಇದನ್ನೂ ಕೇಳಬೇಕು. ಅವರಿಗಾಗಿ ನಾನು ಯಾರೆಂದು ಹೇಳುತ್ತೇನೆ. ಜವಳಗೇರಾದಲ್ಲಿ ಕೂಲಿಗೆ ಹೋಗಿ ಭತ್ತ ನಾಟಿ ಮಾಡುತ್ತಿದ್ದ ಸಂಜೀವಮ್ಮನ ಮಗಳು, ಎಸ್ತೇರ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು. ಬಸ್ಸಿನಲ್ಲಿ ನಿಂತುಕೊಂಡೇ ಸಿಂಧನೂರಿಗೆ ಹೋಗಿ ಬಿ.ಎ., ಲಿಂಗಸುಗೂರಿನಲ್ಲಿ ಬಿ.ಎಡ್., ಆಮೇಲೆ ಮಸ್ಕಿಯ ಹೈಸ್ಕೂಲಿನಲ್ಲಿ ನೌಕರಿ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ, ಈಗಲೂ. ಆದರೆ ಆ ಹೆಮ್ಮೆಯ ಬೆನ್ನಿಗೆ ಒಂದು ಅನುಮಾನ ಅಂಟಿಕೊಂಡೇ ಬಂತು. ಲಿಂಗಸುಗೂರಿನ ಬಾಡಿಗೆ ಮನೆಯಲ್ಲಿ, ನಾನು ಭಾನುವಾರ ಚರ್ಚಿಗೆ ಹೋಗುವುದನ್ನು ನೋಡಿ ನಮ್ಮ ಕೇರಿ ಯಾವುದೆಂದು ಊಹಿಸಿದ ಮಾಲಕಿ, ಮರುದಿನದಿಂದ ನನ್ನ ಚಹಾದ ಲೋಟವನ್ನು ಒಳಗೆ ಒಯ್ಯಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಟ್ಟಳು. ಒಂದು ಮಾತೂ ಆಡಲಿಲ್ಲ, ನಗುವುದನ್ನೂ ಬಿಡಲಿಲ್ಲ. ಅಂದಿನಿಂದ ಯಾರು ನಕ್ಕರೂ ನಾನು ಮೊದಲು ಲೋಟ ಎಲ್ಲಿದೆ ಎಂದು ನೋಡುತ್ತಿದ್ದೆ.

ಅವ್ವನನ್ನು ಕರೆದುಕೊಂಡು ಬಂದು ಸಿಂಧನೂರಿನಲ್ಲಿ ನಿಮ್ಮ ಎದುರಿನ ಮನೆ ಹಿಡಿದಾಗಲೂ ಹಾಗೆಯೇ ನೋಡಿದೆ. ಹಣೆಯ ತುಂಬ ವಿಭೂತಿ, ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂತ ನೀವು, ನಾನು ಮಸ್ಕಿ ಬಸ್ಸಿಗೆ ಓಡುವಾಗಲೆಲ್ಲ ಕೆಣಕುತ್ತಿದ್ದಿರಿ: “ಏನ್ರೀ ಮೇಡಮ್ಮಾರ, ಕೈಯಾಗ ಬ್ಯಾಗು, ಬಾಯಿಗೆ ಬೀಗ!” ನಾನು ನಗುತ್ತಿದ್ದೆ. ಮನಸ್ಸಿನಲ್ಲಿ — ಇರಲಿ, ಇವರದೂ ಒಂದು ದಿನ ಗೊತ್ತಾಗುತ್ತದೆ ಅನ್ನುತ್ತಿದ್ದೆ.

ಮೊದಲ ಕ್ರಿಸ್‌ಮಸ್ಸಿಗೆ ಓಣಿಯ ಮನೆಗಳಿಗೆಲ್ಲ ಕರ್ಚಿಕಾಯಿ ಕೊಡಬೇಕೆಂದು ನಾನೇ ಹಟ ಹಿಡಿದೆ. ಉಳಿದ ಮನೆಗಳಿಗೆ ನಾನು, ನಿಮ್ಮ ಮನೆಗೆ ಅವ್ವ. ಹಿರಿಯರ ಮನೆಗೆ ಹಿರಿಯಳು ಹೋಗಲಿ ಎಂದು ಅವ್ವನೇ ಕೇಳಿ ಇಸಿದುಕೊಂಡಳು. ಮರಳಿ ಬಂದ ತಟ್ಟೆಯಲ್ಲಿ ಸಕ್ಕರೆ ಇತ್ತು. ಕೊಟ್ಟ ತಟ್ಟೆಯನ್ನು ಬರಿದಾಗಿ ಕಳಿಸಬಾರದಲ್ಲ. “ನೋಡು ಬೇ,” ಎಂದೆ ಅವ್ವನಿಗೆ, “ಕಾಲ ಬದಲಾಗೈತಿ ಅಂದ್ರ ನೀ ನಂಬಂಗಿಲ್ಲ.” ಅವ್ವ ಸಕ್ಕರೆಯನ್ನು ಡಬ್ಬಿಗೆ ಸುರಿದಳು. ಶಾಲೆಯಲ್ಲಿ ನಾಲ್ಕು ಜನರೆದುರು ಆ ಸಕ್ಕರೆಯ ಮಾತು ಹೇಳಿಕೊಂಡೆ.

ಆದರೆ ನೀವು ಮಾತ್ರ ಕರ್ಚಿಕಾಯಿ ಚಲೋ ಆಗಿದ್ದವು ಎಂದು ಒಮ್ಮೆಯೂ ಅನ್ನಲಿಲ್ಲ. ಎರಡನೆಯ ವರ್ಷ, ಮೂರನೆಯ ವರ್ಷ — ಇಲ್ಲ. ಸೊಪ್ಪಿನ ಮಾತು, ನೀರಿನ ಮಾತು, ಸೊಸೆಯ ಮಾತು. ನಮ್ಮ ಕೈಯಡುಗೆಯ ಮಾತಿಲ್ಲ. ಲೋಟ ಕಂಡೆ ಎಂದುಕೊಂಡೆ.

ಪರೀಕ್ಷೆ ಬರೆದು ಬರೆದೇ ಮೇಲೆ ಬಂದವಳು. ಪರೀಕ್ಷೆ ಇಡುವುದೂ ನನಗೆ ಬರುತ್ತಿತ್ತು. ನಾಲ್ಕನೆಯ ವರ್ಷ ಉಳಿದೆಲ್ಲ ಮನೆಯ ಕರ್ಚಿಕಾಯಿಯ ಅಂಚನ್ನು ಹಲ್ಲಿನ ಚಕ್ರದಿಂದ ಕತ್ತರಿಸಿದೆ. ನಿಮ್ಮ ಮನೆಗೆಂದು ತೆಗೆದಿಟ್ಟ ಹತ್ತು ಕರ್ಚಿಕಾಯಿಗಳ ಅಂಚನ್ನು ಮಾತ್ರ ಬೆರಳಿನಿಂದ ಮಡಚಿ ಮಡಚಿ ಹೆಣೆದೆ. ನೋಡಿದವರು ಎಷ್ಟು ಪ್ರೀತಿಯಿಂದ ಮಾಡಿದ್ದಾಳೆ ಅನ್ನಬೇಕು, ಅಷ್ಟು ಚೆಂದ. ಅದು ಗುರುತಿಗೆ. ಇಪ್ಪತ್ನಾಲ್ಕರ ಬೆಳಿಗ್ಗೆ ಅವ್ವ ಒಯ್ದಳು, ಸಕ್ಕರೆ ತಂದಳು. ಸಂಜೆ, ಎಸೆದಿದ್ದರೆ ಅಲ್ಲೇ ಎಸೆದಿರುತ್ತೀರಿ ಎಂದು, ನಿಮ್ಮ ಕಾಂಪೌಂಡಿನ ಹಿಂದಿನ ಖಾಲಿ ಸೈಟಿಗೆ ಹೋದೆ. ಜಾಲಿ ಗಿಡದ ಬುಡದಲ್ಲಿ ಎರಡು ನಾಯಿಗಳು. ಹೆಣೆದ ಅಂಚಿನ ತುಂಡುಗಳು.

ಈಗ ಹೇಳುವ ಮಾತು ನಾಚಿಕೆಯದು. ಅಂದು ನನಗೆ ದುಃಖವಾಗಲಿಲ್ಲ, ಸಿಕ್ಕಿಬಿದ್ದರು ಎಂದು ಒಂದು ಥರದ ಸಮಾಧಾನ...

ಮರುದಿನ ಸಭೆಯಲ್ಲಿ ಸಾಕ್ಷಿ ಹೇಳುವ, ಅಂದರೆ ಎಲ್ಲರೆದುರು ನಿಂತು ತನ್ನ ಬಾಳಿನ ಅನುಭವ ಹೇಳುವ, ಸರದಿ ನನ್ನದಿತ್ತು. ಹಿರಿಯರು ಕೊಟ್ಟ ವಿಷಯ ಪ್ರೀತಿ ಮತ್ತು ದಯೆ. ನಾನು ಆ ಸಂಜೆಯೇ ಸೈಟಿನಿಂದ ನೇರ ನಿಮ್ಮ ಬಾಗಿಲಿಗೆ ಬಂದೆ. “ನಾಳಿ ನಮ್ಮ ಚರ್ಚಿಗೆ ಬರ್ರಿ ಅಮ್ಮಾರ. ನಾ ಮಾತಾಡೋದೈತಿ.”

“ಯವ್ವಾ, ಕರದ್ಯಲ್ಲ, ಅಷ್ಟ ಸಾಕು! ಬರ್ತೀನಿ,” ಎಂದಿರಿ. ಮೇಡಮ್ಮಾರ ಅನ್ನುತ್ತಿದ್ದವರು ಅಂದು ಮೊದಲ ಸಲ ಯವ್ವಾ ಅಂದಿರಿ.

ಬಂದಿರಿ. ಚರ್ಚಿಗೆ ಏನು ತರಬೇಕೆಂದು ತಿಳಿಯದೆ ತೆಂಗಿನಕಾಯಿ, ಬಾಳೆಹಣ್ಣು ತಂದಿದ್ದಿರಿ. ಸಭಾಪಾಲಕರು ನಕ್ಕು ಅದನ್ನು ಮೇಜಿನ ಮೇಲೆ ಮೇಣದಬತ್ತಿಯ ಪಕ್ಕ ಇಟ್ಟರು. ನೀವು ಕೊನೆಯ ಸಾಲಿನ ಚಾಪೆಯ ಮೇಲೆ ಹೆಂಗಸರ ನಡುವೆ ಕೂತಿರಿ. ಊಟಕ್ಕೆ ಮುಂಚೆ ಜಾರಿಕೊಳ್ಳಲು ಬಾಗಿಲ ಹತ್ತಿರ ಕೂತಿದ್ದಾರೆ ಎಂದುಕೊಂಡೆ.

ನನ್ನ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. ಪುಸ್ತಕದ ಕನ್ನಡದಲ್ಲಿ, ಎತ್ತರದ ದನಿಯಲ್ಲಿ ಹೇಳಿದೆ: “ನಾಲ್ಕು ವರ್ಷ ನನ್ನ ತಾಯಿ ಪ್ರೀತಿಯಿಂದ ಒಯ್ದು ಕೊಟ್ಟ ಸಿಹಿಯನ್ನು ಬೀದಿನಾಯಿಗೆ ಹಾಕಿದವರು ಇಂದು ಇಲ್ಲೇ ಇದ್ದಾರೆ. ಕೊನೆಯ ಸಾಲಿನಲ್ಲಿ. ಅವರಿಗೂ ದೇವರು ದಯೆ ಕಲಿಸಲಿ.”

ಕಂಡದ್ದು ಒಂದು ವರ್ಷದ್ದು. ಹೇಳಿದ್ದು ನಾಲ್ಕು ವರ್ಷದ್ದು.

ಎಲ್ಲರೂ ತಿರುಗಿದರು. ನೀವು ನನ್ನ ಕಡೆ ನೋಡಲಿಲ್ಲ. ನನ್ನ ಅವ್ವನ ಕಡೆ ನೋಡಿದಿರಿ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ನೆಲಕ್ಕೆ ಕೈ ಊರಿ ಎದ್ದಿರಿ.

“ತಪ್ಪಾಗೈತಿ ಯವ್ವಾ. ಇನ್ನೊಮ್ಮಿ ಹಂಗ ಆಗಂಗಿಲ್ಲ.”

ಅಷ್ಟೇ. ಹೋಗಲೂ ಇಲ್ಲ. ಆರಾಧನೆ ಮುಗಿದ ಮೇಲಿನ ಪ್ರೀತಿ ಭೋಜನದ ಸಾಲಿನಲ್ಲಿ ಅವ್ವನ ಮಗ್ಗುಲಲ್ಲೇ ಕೂತು, ಬಿಳಿ ಅನ್ನ, ಸಾರು, ಪಾಯಸ ಉಂಡಿರಿ. ನಡುವೆ ಬಾಗಿ ಅವ್ವನ ಕಿವಿಯಲ್ಲಿ ಏನೋ ಹೇಳಿದ್ದನ್ನು ಬಡಿಸುತ್ತಿದ್ದ ನಾನು ಕಂಡೆ. ಊಟ ನಾಟಕ, ಈಗ ಮುದುಕಿಯನ್ನು ಹೆದರಿಸುತ್ತಿದ್ದಾರೆ ಎಂದುಕೊಂಡೆ.

ಮನೆಗೆ ಬಂದು ಅದನ್ನೇ ಕೇಳಿದೆ. “ಏನಂದ್ಳು ಆಕಿ? ಹೆದರಿಸಿದ್ಳೇನ?”

ಅವ್ವ ಹೊಸ್ತಿಲ ಮೇಲೆಯೇ ಕೂತಳು. “ನಾ ಆಕಿ ಮನಿ ಮೆಟ್ಟ ಹತ್ತಿಲ್ಲ ಬೇ. ಒಂದು ವರ್ಸನೂ ಹತ್ತಿಲ್ಲ.”

ನನಗೆ ತಿಳಿಯಲಿಲ್ಲ. “ಮತ್ತ ಸಕ್ರಿ?”

“ಮೂಲಿ ಅಂಗಡ್ಯಾಗಿಂದು. ಗೇಟಿನ ತನಕ ಹೋಗ್ತಿದ್ನಿ, ಒಳಗ ಹೋಗಾಕ ಆಗ್ತಿದ್ದಿಲ್ಲ. ನಮ್ಮ ಕೈಯಾಗಿಂದು ಒಲ್ಲೆ ಅಂದ್ರ? ಹಿಂದ ಹೋಗಿ ಸೈಟಿನ್ಯಾಗ ಸುರುವಿ ಬರ್ತಿದ್ನಿ.”

“ನನಗ ಹೇಳಾಕ ಏನಾಗಿತ್ತು ನಿನಗ?”

“ನೀ ಓದಿದಾಕಿ. ಕಾಲ ಬದಲಾಗೈತಿ ಅಂತ ಖುಷಿಯಿಂದ ಹೇಳ್ತಿದ್ದಿ. ಆಕಿ ಒಲ್ಲೆ ಅಂದಾಳಂತ ಬಂದು ಹೆಂಗ ಹೇಳಲಿ? ಇವತ್ತ ಎದ್ದು ನಿಂತು ಹೇಳಬೇಕಂದ್ನಿ, ಏಳಾಕ ಆಗಲಿಲ್ಲ.” ಮತ್ತೆ ಅಂದಳು: “ನಾ ಮಕ ಮುಚ್ಚಿಕೊಂಡಿದ್ದು ನೋಡಿದ ಕೂಡ್ಲೆ ಆಕಿಗೆ ತಿಳೀತು. ಊಟಕ್ಕ ಕುಂತಾಗ ಏನಂದ್ಳು ಗೊತ್ತೈತೇನ? ‘ಮಗಳಿಗೆ ಹೇಳಬ್ಯಾಡವ್ವ. ಮಂದ್ಯಾಗ ಮಾತಾಡ್ಯಾಳ, ನೊಂದ್ಕೊಂತಾಳ’ ಅಂದ್ಳು.”

ನೀವು ಆ ಹೊತ್ತಿನಲ್ಲಿ ಕಾಪಾಡಿದ್ದು ನನ್ನವ್ವನ ಮರ್ಯಾದೆ ಒಂದನ್ನೇ ಅಲ್ಲ, ನನ್ನದನ್ನೂ.

ಆಗಲೇ ಬೀದಿ ದಾಟಿ ಬರಬೇಕಿತ್ತು. ಹತ್ತು ಹೆಜ್ಜೆ. ನಾನು ಮಾಡಿದ್ದು — “ಯವ್ವ, ಈ ಮಾತು ಈ ಮನಿ ಗ್ವಾಡಿ ದಾಟಬಾರದು” ಎಂದು ಅವ್ವನ ಬಾಯಿ ಕಟ್ಟಿದ್ದು. ಸಭೆಯವರು ನನ್ನ ಸಾಕ್ಷಿಯನ್ನು ಹೊಗಳಿದ್ದರು. ಓದಿದವಳ ಧೈರ್ಯ ನೋಡಿರಿ ಎಂದಿದ್ದರು. ಆ ಹೊಗಳಿಕೆಯನ್ನು ಬಿಟ್ಟುಕೊಡಲು ನನಗೆ ಆಗಲಿಲ್ಲ.

ಮಾತು ಓಣಿಗೆ ಹಬ್ಬಿತು. ನಲ್ಲಿಯ ಹತ್ತಿರ ಹೆಂಗಸರು, “ಶರಣಮ್ಮಾರ, ಇವತ್ತು ನಾಯಿಗೆ ಯಾವ ಹಬ್ಬರೀ?” ಎಂದು ಕೇಳಿದ್ದನ್ನು ನಾನು ಕಿಟಕಿಯ ಹಿಂದೆ ನಿಂತು ಕೇಳಿದೆ. ನೀವು ಕೊಡ ಎತ್ತಿಕೊಂಡು ಹೋದಿರಿ. ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟಿರಿ. ಆದರೂ ಆ ಸಂಕ್ರಾಂತಿಗೆ ನಮ್ಮ ಬಾಗಿಲಿಗೆ ಬಂದು, “ಎಳ್ಳು ಬೆಲ್ಲ ತಗೋರಿ ಮೇಡಮ್ಮಾರ, ಎಳ್ಳು ಬೆಲ್ಲದಂಗ ಇರೋಣು” ಎಂದಿರಿ. ಮತ್ತೆ ಮೇಡಮ್ಮಾರ. ನಾನು ಕೈ ಒಡ್ಡಿದೆ, ಕಣ್ಣೆತ್ತಲಿಲ್ಲ. ನೀವು ಪ್ರತಿ ವರ್ಷ ಬಂದಿರಿ. ನಮ್ಮ ಮನೆಯಿಂದ ಮಾತ್ರ ನಿಮ್ಮ ಕಡೆಗೆ ತಟ್ಟೆ ಹೊರಡಲಿಲ್ಲ — ನ್ಯಾಯವೇ ಎಂದು ಎಲ್ಲರೂ ಅಂದುಕೊಂಡರು, ನಾನು ಅಂದುಕೊಳ್ಳಲು ಬಿಟ್ಟೆ.

ಲಿಂಗಸುಗೂರಿನ ಆ ಲೋಟ ಸುಳ್ಳಲ್ಲ. ಆದರೆ ಅದನ್ನು ಬೋರಲು ಹಾಕಿದವರು ನೀವಲ್ಲ. ಆ ಸಿಟ್ಟಿಗೆ ನಿಮ್ಮನ್ನು ಗುರಿ ಮಾಡಿದೆ. ಎಲ್ಲ ತಿಳಿದ ಮೇಲೂ ಸುಮ್ಮನಿದ್ದೆನಲ್ಲ, ಅದಕ್ಕೆ ಆ ಲೋಟವೂ ಕಾರಣವಲ್ಲ.

ಈ ಕ್ರಿಸ್‌ಮಸ್ಸಿಗೆ ಸಾಕ್ಷಿಯ ಸರದಿ ಮತ್ತೆ ನನಗೆ ಬಂದಿದೆ. ಅವ್ವನನ್ನು ಕೇಳಿದೆ. “ಹೇಳು,” ಎಂದಳು. “ನನ್ನ ಹೆಸರು ಹಿಡಿದ ಹೇಳು. ಈ ಸಲ ನಾನೂ ಎದ್ದು ನಿಲ್ತೀನಿ.” ಅದೇ ಜಾಗದಲ್ಲಿ ನಿಂತು ಈ ಕಾಗದವನ್ನು ಓದುತ್ತೇನೆ. ನಿಮ್ಮನ್ನು ಕರೆಯುವುದಿಲ್ಲ, ಒಮ್ಮೆ ಕರೆದದ್ದು ಸಾಕು.

ಅದಕ್ಕೂ ಮೊದಲು, ಇಪ್ಪತ್ನಾಲ್ಕರ ಬೆಳಿಗ್ಗೆ, ನಾನು ಅವ್ವನ ಕೈ ಹಿಡಿದುಕೊಂಡು ನಿಮ್ಮ ಮೆಟ್ಟಿಲು ಹತ್ತುತ್ತೇನೆ. ಈ ಕಾಗದ ತಟ್ಟೆಯ ಜೊತೆಗಿರುತ್ತದೆ. ನೀವು ಬಾಗಿಲು ಹಾಕಿಕೊಂಡರೆ ಅದು ನಿಮ್ಮ ಹಕ್ಕು. ಇಸಿದುಕೊಂಡರೂ ತಿನ್ನಬೇಕೆಂದಿಲ್ಲ. ಈ ಸಲ ಎಲ್ಲ ಮನೆಯದರ ಹಾಗೆ ನಿಮ್ಮದರ ಅಂಚನ್ನೂ ಚಕ್ರದಿಂದಲೇ ಕತ್ತರಿಸಿರುತ್ತೇನೆ. ಆ ಸೈಟು ಈಗಲೂ ಖಾಲಿಯೇ ಇದೆ. ಸಂಜೆ ನಾನು ಆ ಕಡೆ ಹೋಗುವುದಿಲ್ಲ.