ದೋಣಿಗೆ ಒಂದು ಟ್ಯಾಂಕರ್ ನೀರು

ಹೋದ ಭಾನುವಾರ ನಮ್ಮ ಭಾವ ತಮ್ಮ ದೋಣಿಯೊಳಗೆ ತುಂಬಿಸಲು ಒಂದು ಟ್ಯಾಂಕರ್ ನೀರು ತರಿಸಿದರು. ಅಚ್ಚಿನ ದೋಷವಲ್ಲ ಸ್ವಾಮಿ. ಒಳಗೇ!

ನಡೆದದ್ದು ಪೀಣ್ಯದಲ್ಲಿ. ಅಲ್ಲಿಂದ ಸಮುದ್ರ ನೋಡಬೇಕಾದರೆ ಒಂದು ಹಗಲು ಪ್ರಯಾಣ. ಆದರೆ ಜಾಲಹಳ್ಳಿಯ ಕಾರ್ಖಾನೆಯಿಂದ ರಿಟೈರ್ ಆದವರೆಲ್ಲ ವಾಕಿಂಗ್ ಶೂ ಕೊಂಡರೆ, ನಮ್ಮ ಭಾವ ಗೋವಾದಲ್ಲಿ ಒಂದು ಹಳೇ ಹಾಯಿದೋಣಿ ಕೊಂಡರು. ಸಣ್ಣದಲ್ಲ, ಒಳಗೆ ಎರಡು ಮಂಚ, ಒಂದು ಸ್ಟವ್, ಗೂಡಿನಂಥ ಟಾಯ್ಲೆಟ್ ಎಲ್ಲ ಇವೆ. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತು ಮೇಲಿನ ಹಲಗೆ ಲಡ್ಡಾಗಿತ್ತು. ಹಾಯಿ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು.

"ಪೀಣ್ಯದಲ್ಲಿ ಆಗದ ರಿಪೇರಿ ಪ್ರಪಂಚದಲ್ಲೇ ಇಲ್ಲ ಕಣಮ್ಮ" ಎಂದು ಭಾವ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದೇಬಿಟ್ಟರು. (ಮಾದನಾಯಕನಹಳ್ಳಿ ಹತ್ತಿರ ಟ್ರಾಫಿಕ್ ಪೊಲೀಸ್ ಒಬ್ಬ ತಡೆದು, "ಯಾವ ಶೂಟಿಂಗ್ ಸಾರ್?" ಎಂದನಂತೆ.)

ದೋಣಿ ಇಳಿದದ್ದು ಫೈಬರ್ ನೀರಿನ ಟ್ಯಾಂಕ್ ತಯಾರಿಸುವ ಶೆಡ್ಡಿನಲ್ಲಿ. ಕೆಲಸ ಹಿಡಿದವನು ಯಾದಗಿರಿ ಕಡೆಯ ಶರಣಪ್ಪ. ಸಮುದ್ರವನ್ನು ಕಣ್ಣಾರೆ ಕಂಡವನಲ್ಲ. ಆದರೆ ಅವನ ಕೈ ಆಡಿದ ಟ್ಯಾಂಕ್ ಸೋರಿದ್ದಿಲ್ಲ. ಅವನದು ಒಂದೇ ನಿಯಮ, ಬಿಸಿಲೇರುವ ಮೊದಲು ಕೆಲಸ ಮುಗಿಯಬೇಕು. ತಗಡಿನ ಸೂರು ಕಾದರೆ ಫೈಬರಿಗೆ ಬಳಿಯುವ ರೆಸಿನ್ ಎಂಬ ಅಂಟು ಮಗ್ಗಿನಲ್ಲೇ ಕಲ್ಲಾಗುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೆ ಶುರು, ಹತ್ತಕ್ಕೆ ಬಂದ್.

ಸೋರುತ್ತದೋ ಇಲ್ಲವೋ ನೋಡುವ ಉಪಾಯವೂ ಅವನದೇ. ಹೊರಗಿನ ನೀರು ಒಳಗೆ ಬರುತ್ತದೆಯೇ ಎಂದು ತಿಳಿಯಲು ಒಳಗಿನ ನೀರು ಹೊರಗೆ ಬರುತ್ತದೆಯೇ ನೋಡಿದರಾಯಿತು. ಟ್ಯಾಂಕಿಗೆ ಮಾಡುವುದೂ ಅದನ್ನೇ ತಾನೆ?

ನಮ್ಮಕ್ಕ ಮಾತ್ರ ಮೊದಲೇ ತೀರ್ಪು ಕೊಟ್ಟಿದ್ದಳು. "ನನ್ನ ಕಣ್ಣೆದುರಿಗೇ ಟೆಸ್ಟ್ ಆಗ್ಬೇಕು. ಒಂದು ಹನಿ ಸೋರಿದ್ರೂ ಮಾರಿಬಿಡ್ಬೇಕು."

ಅಕ್ಕ ಶೆಡ್ಡಿಗೆ ಬರುವ ದಿನ ನಿಗದಿಯಾಯಿತು, ಟ್ಯಾಂಕರಿಗೂ ಹೇಳಿಯಾಯಿತು. ಶನಿವಾರ ನೋಡಿದರೆ ದೋಣಿಯ ಮಗ್ಗುಲಲ್ಲಿ ಹಳೇ ಪೈಪ್ ಹಾದಿದ್ದ ಒಂದು ತೂತು ಮುಚ್ಚುವುದು ಬಾಕಿ! ಸಮಯ ಮಧ್ಯಾಹ್ನ ಹನ್ನೆರಡು.

"ಬಿಸಲ ಏರ್ಯದ್ರಿ ಸಾಹೇಬ್ರ. ಈಗ ಹಚ್ಚಿದ್ರ ಬಿಗಿ ಹಿಡಿಯಂಗಿಲ್ಲ. ನಾಳಿ ನಸುಕಿನ್ಯಾಗ ಮಾಡ್ತೀನ್ರಿ" ಎಂದ ಶರಣಪ್ಪ.

"ಬೆಳಿಗ್ಗೆ ಹಚ್ಚಿದ್ರೆ ಒಣಗೋದ್ಯಾವಾಗ? ಟ್ಯಾಂಕರ್ ಬಂದ್ಬಿಡುತ್ತೆ ಕಣಪ್ಪ, ಈಗ್ಲೇ ಬಡಿ" ಎಂದರು ಭಾವ. ನಾನು ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದೆ. ಶರಣಪ್ಪ ಆ ಬಿಸಿಲಲ್ಲೇ ರೆಸಿನ್ ಬಳಿದ. (ಭಾವನಿಗೆ ಬುದ್ಧಿ ಹೇಳಿ ಉಳಿದವರುಂಟೆ?)

ಭಾನುವಾರ ಟ್ಯಾಂಕರ್ ಬಂದದ್ದೇ ತಡ, ಪಕ್ಕದ ರಾಜಗೋಪಾಲನಗರದ ಹೆಂಗಸರು ಕೊಡ ಹಿಡಿದು ಓಡಿಬಂದರು. ನೀರು ದೋಣಿಯೊಳಗೆ ಬೀಳುವುದನ್ನು ಕಂಡು ಅವರು ಬೈದ ಬೈಗುಳವನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ.

ಒಳಗೆ ಮೊಣಕಾಲುದ್ದ ನೀರು ನಿಂತಿತು. ಅಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಳು. ಅರ್ಧ ಗಂಟೆ. ಮುಕ್ಕಾಲು ಗಂಟೆ. ಒಂದು ಹನಿಯೂ ಇಲ್ಲ. ಭಾವ ಮೀಸೆಯಲ್ಲೇ ನಗಲು ಶುರು ಮಾಡಿದರು.

ಆಗ ಶರಣಪ್ಪ ಅಕ್ಕನಿಗೆ ಕಾಣದ ಮಗ್ಗುಲಲ್ಲಿ ಬಗ್ಗಿ, ಹಿಂದಿನ ದಿನ ಮುಚ್ಚಿದ ತೂತಿನ ಮೇಲೆ ಕೈಯಾಡಿಸಿದ. ನಾನು ಪಕ್ಕದಲ್ಲೇ ಇದ್ದೆ. ಅವನ ಬೆರಳು ಒದ್ದೆಯಾಗಿತ್ತು. ಭಾವನೂ ನೋಡಿದರು. ಕಣ್ಣಲ್ಲೇ "ಬೇಡ ಮಾರಾಯ" ಎಂದರು. ನನಗೂ ಅಯ್ಯೋ ಅನ್ನಿಸಿತು. ಒರೆಸಿಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?

ಅವನು ಜೇಬಿನಿಂದ ಸೀಮೆಸುಣ್ಣ ತೆಗೆದು ಆ ಜಾಗಕ್ಕೆ ದುಂಡಗೆ ಗುರುತು ಹಾಕಿ ಅಕ್ಕನನ್ನು ಕರೆದ. "ಇಲ್ಲಿ ಸೋರ್ಲಿಕತ್ತದ್ರಿ ಅಕ್ಕಾರ. ನನ್ನ ಕೈಗೆಲಸಾನೇ ಇದು. ಟ್ಯಾಂಕ್ ಸೋರಿದ್ರ ನೀರ ಹೋಗ್ತಾವ್ರಿ. ಇದು ಸೋರಿದ್ರ ಸಾಹೇಬ್ರ ಹೋಗ್ತಾರ್ರಿ."

ಮಧ್ಯಾಹ್ನದ ಬಿಸಿಲು, ಭಾವನ ಅವಸರ, ಯಾವುದರ ಸುದ್ದಿಯನ್ನೂ ಎತ್ತಲಿಲ್ಲ. ಅಕ್ಕ ಎದ್ದುನಿಂತು ಗಂಡನ ಮುಖ ನೋಡಿದಳು. ದೋಣಿಯ ಕಥೆ ಮುಗಿಯಿತು ಎಂದುಕೊಂಡೆ.

ಭಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಅವನದೇನಿಲ್ಲ ಕಣೇ. ಬೇಡ ಅಂತಲೇ ಹೇಳಿದ. ನಾನೇ ಕೇಳ್ಲಿಲ್ಲ. ತಪ್ಪು ನಂದು."

ಅಕ್ಕ ನನ್ನ ಕಡೆ ತಿರುಗಿದಳು. "ಕೇಳಿಸ್ತೇನೇ? ಮದುವೆಯಾಗಿ ಮೂವತ್ತೈದು ವರ್ಷ ಆಯ್ತು. ಈ ಮಾತು ಇವರ ಬಾಯಲ್ಲಿ ಇವತ್ತೇ ಬಂದಿದ್ದು!"

ಶರಣಪ್ಪನಿಗೆ ಹೇಳಿದಳು, "ಬೆಳಿಗ್ಗೆ ತಂಪೊತ್ತಲ್ಲಿ ಸರಿ ಮಾಡಪ್ಪ. ಇನ್ನೊಂದು ಟ್ಯಾಂಕರ್ ತರ್ಸೋಣ. ನೀನು ಸರಿ ಅಂದ ದಿನ ಇವರು ಸಮುದ್ರಕ್ಕೆ ಹೋಗ್ಲಿ."

ಮೂವತ್ತೈದು ವರ್ಷ ಬಾರದ ಮಾತು ನಮ್ಮ ಭಾವನ ಬಾಯಲ್ಲಿ ಒಂದೇ ಟ್ಯಾಂಕರಿಗೆ ಬಂತು. ನಿಮ್ಮ ಮನೆಯಲ್ಲಿ ಎಷ್ಟು ಟ್ಯಾಂಕರ್ ಬೇಕಾದೀತು?